ಶಿರೋಝು ಅಜ್ಜನ ಸೈಕಲ್

ಜುನು ಘರ್ತಿ ನೇಪಾಳದ ಬಾಗ್‌ಲುಂಗಿನಿಂದ ಜಪಾನಿನ ಫುಕುವೊಕಾಕ್ಕೆ ಬಂದ ಮೊದಲ ವಾರದಲ್ಲೇ ಅವಳಿಗೊಂದು ಸೈಕಲ್ ಸಿಕ್ಕಿತು. ಅದೂ ಪುಕ್ಕಟೆ. ಎಲ್ಲೋ ಏನೋ ಸರಿಯಿಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು.

ನಾನು ಅವಳಿಗಿಂತ ಒಂದು ವರ್ಷ ಮುಂಚೆ ಬಂದವಳು. ಒಂದೇ ಜಪಾನಿ ಭಾಷಾ ಶಾಲೆ, ಒಂದೇ ಹಾಸ್ಟೆಲು, ಅವಳು ಬಂದಮೇಲೆ ಒಂದೇ ಕೋಣೆ. ಹಾಸ್ಟೆಲ್ ಅಂದರೆ ಯಾವುದೋ ಮುಚ್ಚಿದ ಕಾರ್ಖಾನೆಯ ಹಳೇ ಕ್ವಾರ್ಟರ್ಸು. ಕೆಳಗಡೆ ನೇಪಾಳದವರು, ಮೇಲ್ಗಡೆ ವಿಯೆಟ್ನಾಮಿನವರು, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ತಲೆಮೇಲಿಂದ ಹಾದುಹೋದ ಮೇಲೆ ಮುಂದುವರಿಸುವುದು ನಮಗೆಲ್ಲ ಅಭ್ಯಾಸವಾಗಿತ್ತು. ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ಕಾಠ್ಮಂಡುವಿನ ಏಜೆಂಟ್ ಹೇಳಿದ್ದ. ಕಾಣುತ್ತಿದ್ದದ್ದು ಟೈರುಗಳ ಗೋದಾಮು. ಅಂದಿನಿಂದ ಯಾರು ಏನು ಕೊಡುತ್ತೇನೆಂದರೂ ನಾನು ಮೊದಲು ಕೊಡುವವರ ಮುಖ ನೋಡುತ್ತೇನೆ, ಆಮೇಲೆ ವಸ್ತು ನೋಡುತ್ತೇನೆ.

ಸೈಕಲ್ ತಂದುಕೊಟ್ಟವನು ಚೂಡಾಮಣಿ ಭುಸಾಲ್. ನಮ್ಮ ನೇಪಾಳದ್ದೇ ಅರ್ಘಾಖಾಂಚಿಯವನು, ನನಗಿಂತ ವಯಸ್ಸಿನಲ್ಲಿ ಚಿಕ್ಕವನಾದರೂ ಶಾಲೆಯಲ್ಲಿ ಹಿರಿಯ. ಬೆಳಕು ಹರಿಯುವ ಮುಂಚೆ ಎದ್ದು ಮನೆಮನೆಗೆ ಪತ್ರಿಕೆ ಹಾಕಿ, ಸ್ನಾನವೂ ಮಾಡದೆ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಎಲ್ಲರಿಗೂ ಬೇಕಾದವನು. ಬಾಯಿ ಮಾತ್ರ ಜೋರು. ಗಾಢ ಹಸಿರು ಬಣ್ಣದ, ಮುಂದೆ ಬುಟ್ಟಿಯಿದ್ದ ಹೆಂಗಸರ ಸೈಕಲ್ಲನ್ನು ಹಾಸ್ಟೆಲಿನ ಬಾಗಿಲಲ್ಲಿ ನಿಲ್ಲಿಸಿ ಬೆಲ್ ಬಾರಿಸಿದ.

"ಬಹಿನಿ, ಇನ್ಮೇಲೆ ನಡ್ಕೊಂಡು ಹೋಗಿ ಬೂಟು ಸವೆಸಬೇಡ. ಇದನ್ನ ಇಟ್ಕೋ."

ಜುನು ಕಣ್ಣರಳಿಸಿದಳು. ನಾನು ಹೊರಗೆ ಬಂದು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದೆ. ಚೌಕಟ್ಟು ಹಳೆಯದು, ಚೈನು ಹೊಸದು. ಬ್ರೇಕಿನ ರಬ್ಬರುಗಳೂ ಹೊಸವು. ಸೀಟಿನ ಕೆಳಗೆ ಪೊಲೀಸರ ನೋಂದಣಿಯ ಚೀಟಿ ಅಂಟಿಸಿತ್ತು.

"ಎಲ್ಲಿಂದ ಬಂತು ಇದು?" ಎಂದೆ.

"ಒಬ್ಬ ಅಜ್ಜ ಕೊಟ್ರು ದಿದಿ. ನನ್ನ ಪೇಪರ್ ಲೈನಿನಲ್ಲಿ."

"ಯಾಕೆ ಕೊಟ್ರು?"

"ಅಜ್ಜಂದಿರು ಯಾಕೆ ಕೊಡ್ತಾರೆ? ಮನಸ್ಸು ಬಂತು, ಕೊಟ್ರು."

"ನೋಂದಣಿಯ ಹೆಸರು ಬದಲಾಯಿಸ್ಕೊಂಡ್ಯಾ?"

"ಆಯ್ತು ಬಿಡಿ, ಮಾಡಿಸೋಣ. ನೀವು ಪೊಲೀಸ್ ಪರೀಕ್ಷೆ ಕಟ್ಟಬೇಕಿತ್ತು ದಿದಿ, ತಪ್ಪಿ ಇಲ್ಲಿಗೆ ಬಂದ್ರಿ," ಎಂದು ನಕ್ಕು ಒಳಗೆ ಹೋದ.

ನಗು ಎಂದಿನ ಹಾಗೇ ಇತ್ತು. ಆದರೆ ಅವನು ಉತ್ತರ ಕೊಡುವಾಗ ಸೈಕಲ್ಲನ್ನು ನೋಡುತ್ತಿದ್ದ, ನನ್ನನ್ನಲ್ಲ. ಆ ದಿನ ಮಲಗುವ ಮುಂಚೆ ಜುನುಗೆ ಹೇಳಿದೆ: "ಇವನಿಗೆ ನಿನ್ನಿಂದ ಏನೋ ಬೇಕಾಗಿದೆ. ಹುಷಾರಾಗಿರು."

"ಏನು ಬೇಕಿರುತ್ತೆ ದಿದಿ? ನನ್ನ ಹತ್ರ ಇರೋದೇ ಎರಡು ಚೀಲ ಗುಂಡ್ರುಕ್ ಒಣಸೊಪ್ಪು," ಎಂದು ಅವಳು ಹೊದಿಕೆಯೊಳಗೆ ನಕ್ಕಳು. "ನಿಮಗೆ ಎಲ್ಲರ ಮೇಲೂ ಅನುಮಾನ."

ಅವಳು ಆ ಸೈಕಲ್ಲಿನಲ್ಲಿ ಶಾಲೆಗೆ ಹೋದಳು, ಊಟದ ಡಬ್ಬಿ ತುಂಬಿಸುವ ಕಾರ್ಖಾನೆಯ ಕೆಲಸಕ್ಕೆ ಹೋದಳು, ಭಾನುವಾರ ಸಮುದ್ರ ನೋಡಿ ಬಂದಳು. ಅವಳು ದಾಯ್, ಅಣ್ಣ ಎಂದು ಕರೆಯುತ್ತಿದ್ದ ಚೂಡಾ ಅವಳಿಂದ ಏನೂ ಕೇಳಲಿಲ್ಲ. ಅದರಿಂದ ನನಗೆ ಇನ್ನಷ್ಟು ಕಸಿವಿಸಿಯಾಯಿತು. ಕೇಳಿದ್ದರೆ ವಿಷಯ ಏನೆಂದಾದರೂ ಗೊತ್ತಾಗುತ್ತಿತ್ತು.

ಜೂನಿನ ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ರೈಲ್ವೆ ಗೇಟಿನ ಹತ್ತಿರ ಅವಳನ್ನು ಇಬ್ಬರು ಪೊಲೀಸರು ನಿಲ್ಲಿಸಿದರು. ಇಲ್ಲಿ ಅದು ದೊಡ್ಡ ವಿಷಯವಲ್ಲ, ನಮ್ಮಂಥ ಮುಖದವರನ್ನು ಸೈಕಲ್ ಮೇಲೆ ಕಂಡರೆ ನಿಲ್ಲಿಸುತ್ತಾರೆ. ಕಾರ್ಡು ತೋರಿಸಬೇಕು, ಸೈಕಲ್ಲಿನ ನಂಬರನ್ನು ಅವರು ವೈರ್‌ಲೆಸ್ಸಿನಲ್ಲಿ ಓದುತ್ತಾರೆ, ಆಮೇಲೆ ಬಗ್ಗಿ ನಮಸ್ಕರಿಸಿ ಕಳಿಸುತ್ತಾರೆ. ಜುನುವಿಗೆ ಅದು ಮೊದಲ ಸಲ.

"ಈ ಸೈಕಲ್ ಯಾರದು?" ಎಂದು ಒಬ್ಬ ಕೇಳಿದನಂತೆ.

ಇದು ಅವಳ ಪುಸ್ತಕದ ಮೊದಲ ಪಾಠ. ಈ ಕೊಡೆ ಯಾರದು, ಈ ಪೆನ್ನು ಯಾರದು. ಅರ್ಥವಾದ ಖುಷಿಗೆ ಅವಳು ಸ್ವಚ್ಛವಾಗಿ, ಒಂದು ತಪ್ಪೂ ಇಲ್ಲದೆ ಉತ್ತರ ಕೊಟ್ಟಳು: "ಇದು ನನ್ನ ಸೈಕಲ್."

ವೈರ್‌ಲೆಸ್ಸಿನಿಂದ ಬೇರೆ ಉತ್ತರ ಬಂತು. ಶಿರೋಝು ಎಂಬವರ ಹೆಸರಿನಲ್ಲಿದೆ, ಕಳವಾಗಿದೆ ಎಂದು ದೂರು ಕೊಟ್ಟಿದ್ದಾರೆ. ಪೊಲೀಸ್ ಇನ್ನೊಮ್ಮೆ ಕೇಳಿದ. ಅವಳಿಗೆ ಗೊತ್ತಿದ್ದ ವಾಕ್ಯ ಅದೊಂದೇ. ಇನ್ನೊಮ್ಮೆ ಅದನ್ನೇ ಹೇಳಿದಳು.

ಶಾಲೆಗೆ ಫೋನ್ ಬಂದಾಗ ಕುಗಾ ಸೆನ್ಸೈ ನನ್ನನ್ನೂ ಕರೆದುಕೊಂಡು ಹೊರಟರು. ಸೆನ್ಸೈ ಅಂದರೆ ಗುರು, ಕುಗಾ ಸೆನ್ಸೈ ಪಾಠದ ಜೊತೆಗೆ ನಮ್ಮ ವೀಸಾ, ಹಾಜರಿ, ಕಾಯಿಲೆ, ಕಣ್ಣೀರು ಎಲ್ಲವನ್ನೂ ನೋಡಿಕೊಳ್ಳುವವರು. ಐವತ್ತು ದಾಟಿದ, ಈ ಊರಿನಲ್ಲೇ ಹುಟ್ಟಿ ಬೆಳೆದ ಹೆಂಗಸು. ಕಾರಿನಲ್ಲಿ ಅವರು ಒಂದೇ ಮಾತು ಕೇಳಿದ್ದು. "ಸಬಿತ್ರಾ ಸಾನ್, ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ," ಎಂದೆ. ನಂಬಿದರೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ.

ಪೊಲೀಸ್ ಚೌಕಿಯಲ್ಲಿ ಜುನು ಒದ್ದೆ ರೇನ್‌ಕೋಟಿನಲ್ಲೇ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮುಂದೆ ಒಂದು ಲೋಟ ಚಹಾ ಇಟ್ಟಿದ್ದರು, ಮುಟ್ಟಿರಲಿಲ್ಲ. ಬೈಗುಳ ಇಲ್ಲ, ಎತ್ತರದ ದನಿ ಇಲ್ಲ. ಪೊಲೀಸ್ ಅದೇ ಪ್ರಶ್ನೆಯನ್ನು ಅಷ್ಟೇ ಮೆತ್ತಗೆ, ಬೇರೆ ಬೇರೆ ಕಡೆಯಿಂದ ಕೇಳುತ್ತಿದ್ದ. ಯಾರು ಕೊಟ್ಟದ್ದು? ಎಲ್ಲಿ ಕೊಟ್ಟದ್ದು? ಕೊಟ್ಟವರ ಹೆಸರು?

"ಹೇಳು," ಎಂದು ನಾನು ನಮ್ಮ ಭಾಷೆಯಲ್ಲಿ ಅಂದೆ. "ಅವನಿಗೋಸ್ಕರ ನೀನ್ಯಾಕೆ ಸಾಯ್ಬೇಕು?"

"ಅವರನ್ನ ಊರಿಗೆ ಕಳಿಸಿಬಿಟ್ರೆ?"

"ನಿನ್ನನ್ನ ಕಳಿಸಿದ್ರೆ?"

ಪೊಲೀಸ್ ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. "ಏನು ಮಾತಾಡುತ್ತಿದ್ದೀರಿ, ದಯವಿಟ್ಟು ತಿಳಿಸುತ್ತೀರಾ?" ಎಂದ. ನಾನು, "ಹೆದರಬೇಡ ಅಂದೆ," ಎಂದೆ. ಆ ಮಾತು ನನ್ನ ಕಿವಿಗೇ ಸುಳ್ಳಾಗಿ ಕೇಳಿಸಿತು.

ಕೊನೆಗೆ ಜುನು, "ಸ್ನೇಹಿತರು ಕೊಟ್ಟರು," ಎಂದಷ್ಟೇ ಹೇಳಿದಳು. ಸೈಕಲ್ಲನ್ನು ಅವರು ಇಟ್ಟುಕೊಂಡರು. ಮತ್ತೆ ಕರೆಸುತ್ತೇವೆ ಎಂದು ನಮ್ಮನ್ನು ಬಿಟ್ಟರು.

ಸಂಜೆ ಅಡುಗೆಮನೆಯಲ್ಲಿ ಚೂಡಾ ಮೂಲಂಗಿ ಹೆಚ್ಚುತ್ತಿದ್ದ. ವಿಷಯ ಕೇಳಿ ಅವನ ಕೈ ನಿಂತಿತು. ಮೊದಲು ಬಾಯಿಂದ ಬಂದದ್ದು, "ನನ್ನ ಹೆಸರು ಹೇಳಿದ್ಯಾ?"

"ನೋಡು, ಅವಳಿಗೇನಾಯ್ತು ಅಂತ ಕೇಳ್ಲಿಲ್ಲ," ಎಂದೆ ನಾನು. "ತನ್ನ ಹೆಸರಿನ ಚಿಂತೆ."

"ಹೇಳ್ಲಿಲ್ಲ ದಾಯ್," ಎಂದಳು ಜುನು. "ಆದ್ರೆ ನನಗೆ ನಿಜ ಹೇಳಿ. ಅಜ್ಜ ಕೊಟ್ರು ಅಂದ್ರಲ್ಲ, ಕೊಟ್ರಾ?"

ಅವನು ಚಾಕು ಕೆಳಗಿಟ್ಟ. ಒಂದು ವಿಮಾನ ಹಾದುಹೋಯಿತು.

"ಕೊಟ್ರು ಅಂದ್ರೆ, ಪೂರ್ತಿ ಕೊಡಲಿಲ್ಲ," ಎಂದ. "ಶಿರೋಝು ಅಂತ ಒಬ್ಬ ಅಜ್ಜ ಇದ್ರು. ದಿನಾ ಬೆಳಿಗ್ಗೆ ಗೇಟಿನ ಹತ್ರ ನಿಂತು ಪೇಪರ್ ಕೈಯಲ್ಲೇ ಇಸ್ಕೊಳ್ಳೋರು. ಅವರು ಆಡೋದು ಪುಸ್ತಕದ ಭಾಷೆ ಅಲ್ಲ, ನನಗೆ ಅರ್ಧ ತಿಳೀತಿತ್ತು, ಅರ್ಧಕ್ಕೆ ತಲೆ ಆಡಿಸ್ತಿದ್ದೆ. ಫೆಬ್ರವರಿಯಲ್ಲಿ ಒಂದಿನ ಮಳೆ ಬರ್ತಿತ್ತು. ಈ ಸೈಕಲ್ ತೋರಿಸಿ, ‘ಇದನ್ನ ನಾವೊಸು ಮಾಡ್ತೀಯಾ’ ಅಂದ್ರು. ನಾವೊಸು ಅಂದ್ರೆ ರಿಪೇರಿ, ಮೂರನೇ ಪುಸ್ತಕದಲ್ಲಿದೆಯಲ್ಲ. ಆಯ್ತು ಅಜ್ಜ ಅಂದು ತಗೊಂಡು ಬಂದೆ. ಚೈನು ಹಾಕ್ದೆ, ಬ್ರೇಕ್ ಹಾಕ್ದೆ. ವಾಪಸ್ ಕೊಡೋಕೆ ಹೋದ್ರೆ ಮನೆಗೆ ಬೀಗ. ಮತ್ತೆ ಹೋದೆ, ಮತ್ತೆ ಬೀಗ. ಪೇಪರೂ ನಿಲ್ಲಿಸಿಬಿಟ್ಟಿದ್ರು. ಸತ್ತೇ ಹೋದ್ರೇನೋ ಅಂದ್ಕೊಂಡೆ."

"ಅದಕ್ಕೆ ಸತ್ತವರ ಸೈಕಲ್ ನನಗೆ ಕೊಟ್ರಾ?" ಎಂದಳು ಜುನು.

"ಸುಮ್ನೆ ನಿಂತು ತುಕ್ಕು ಹಿಡೀತಿತ್ತು. ನೀನು ನಡೀತಿದ್ದೆ."

"ಚೆನ್ನಾಗಿದೆ ಕತೆ," ಎಂದೆ ನಾನು. "ದಾರೀಲಿ ಹೋಗೋ ಪೇಪರಿನವನಿಗೆ ಒಬ್ಬ ಅಜ್ಜ ಸೈಕಲ್ ರಿಪೇರಿಗೆ ಕೊಡ್ತಾರಾ? ಈ ಊರಲ್ಲಿ ಬೀದಿಗೊಂದು ಸೈಕಲ್ ಅಂಗಡಿ ಇದೆ."

"ಅದನ್ನ ನಾನೂ ಯೋಚಿಸಿದ್ದೆ ದಿದಿ," ಎಂದ. "ಆದ್ರೆ ಹಾಗೇ ಅಂದ್ರು."

ಮೂಲಂಗಿ ಅರ್ಧಕ್ಕೆ ಬಿಟ್ಟು ಹೊರಟುಹೋದ.

ಮರುದಿನದಿಂದ ಹಾಸ್ಟೆಲಿನ ಗಾಳಿಯೇ ಬದಲಾಯಿತು. ಜುನು ಪೊಲೀಸರಿಗೆ ಹೆಸರು ಕೊಟ್ಟಳಂತೆ ಎಂದು ಯಾರೋ ಹಬ್ಬಿಸಿದರು. ಯಾರ ಹೆಸರು ಎಂಬುದು ಯಾರಿಗೂ ಬೇಕಿರಲಿಲ್ಲ. ಮೇಲ್ಗಡೆಯ ವಿಯೆಟ್ನಾಮಿನ ಹುಡುಗರು ತಮ್ಮ ಸೈಕಲ್ಲುಗಳನ್ನೆಲ್ಲ ಕಟ್ಟಡದ ಹಿಂದೆ ಸಾಗಿಸಿ ನೀಲಿ ತಾಡಪಾಲು ಹೊದಿಸಿದರು. ಅವಳು ಅಡುಗೆಮನೆಗೆ ಬಂದರೆ ಮಾತು ನಿಲ್ಲುತ್ತಿತ್ತು, ಕುಕ್ಕರಿನ ಸದ್ದು ಮಾತ್ರ ಕೇಳುತ್ತಿತ್ತು. ಒಬ್ಬಳು ನಗುನಗುತ್ತಲೇ ಕೇಳಿದಳು, "ಜುನು, ನನ್ನ ಅಕ್ಕಿ ಡಬ್ಬಿ ನನ್ನ ಹೆಸರಲ್ಲೇ ಇದೆ ತಾನೆ? ಒಂದ್ಸಲ ನಿನ್ನ ಪೊಲೀಸರನ್ನ ಕೇಳಿ ಹೇಳ್ತೀಯಾ?"

ಚೂಡಾ ತರಗತಿಗೆ ಬರಲಿಲ್ಲ. ಮರುದಿನವೂ ಇಲ್ಲ. ಹಾಜರಿ ತಪ್ಪಿದರೆ ವೀಸಾಕ್ಕೆ ಕುತ್ತು ಎಂದು ಜ್ವರ ಬಂದರೂ ಬರುತ್ತಿದ್ದವನು ಅವನು. ನಾನು ಅಡುಗೆಮನೆಯ ಅವನ ಕಪಾಟು ತೆರೆದು ನೋಡಿದೆ. ಬೇಳೆ ಇರಲಿಲ್ಲ, ಮಸಾಲೆ ಡಬ್ಬಿಯೂ ಇರಲಿಲ್ಲ.

"ಓಡಿಹೋದ," ಎಂದೆ ಜುನುಗೆ. "ನಾಳೆ ಪೊಲೀಸರು ಕರೆದಾಗ ಎಲ್ಲಾ ಹೇಳಿಬಿಡು. ಇನ್ನು ಯಾರನ್ನ ಕಾಪಾಡ್ತೀಯ?"

ಅವಳು ಅತ್ತಳು. "ನೀವು ಮೊದಲೇ ಹೇಳಿದ್ರಿ," ಎಂದಳು. ನನ್ನ ಮಾತು ನಿಜವಾದದ್ದಕ್ಕೆ ನನಗೆ ಒಳಗೊಳಗೇ ಒಂದು ಬಗೆಯ ಸಮಾಧಾನವೂ ಆಯಿತು.

ಪೊಲೀಸರು ಕರೆಯುವ ಮುಂಚೆ ಕುಗಾ ಸೆನ್ಸೈ ಒಂದು ದಾರಿ ಹುಡುಕಿದರು. ದೂರು ಕೊಟ್ಟವರ ಮನೆಗೇ ಹೋಗಿ ತಲೆಬಾಗಿ ಕ್ಷಮೆ ಕೇಳುವುದು. ಅವರು ಒಪ್ಪಿ ದೂರು ಹಿಂತೆಗೆದುಕೊಂಡರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ. "ಏನೂ ವಾದಿಸಬೇಡಿ," ಎಂದು ನಮಗೆ ಹೇಳಿಕೊಟ್ಟರು. "ಮೊದಲು ತಪ್ಪಾಯಿತು ಅನ್ನಿ. ಮಿಕ್ಕಿದ್ದು ಆಮೇಲೆ." ಸಿಹಿಯ ಪೆಟ್ಟಿಗೆಯೊಂದನ್ನು ಅವರೇ ಕೊಂಡು ತಂದಿದ್ದರು.

ಮನೆ ನದಿಯ ಪಕ್ಕದ ಹಳೇ ಬೀದಿಯಲ್ಲಿತ್ತು. ತಿರುವಿನಲ್ಲಿ ಪಾನೀಯ ಮಾರುವ ಯಂತ್ರದ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿ ನೋಡಿದೆ. ಚೂಡಾ! ನಮ್ಮನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ. ಇವನು ಇಲ್ಲೇನು ಮಾಡುತ್ತಿದ್ದಾನೆ? ಅಜ್ಜನನ್ನು ಹೆದರಿಸಲು ಬಂದನೇ, ಬಾಯಿ ಮುಚ್ಚಿಸಲು ಬಂದನೇ? ಸೆನ್ಸೈ ಅಷ್ಟರಲ್ಲಿ ಗಂಟೆ ಒತ್ತಿಬಿಟ್ಟಿದ್ದರು.

ಬಾಗಿಲು ತೆರೆದವರು ಮಗಳು, ಮಸಾಯೊ ಸಾನ್. ಕಿತಾಕ್ಯುಶುವಿನಲ್ಲಿ ಮನೆಯಂತೆ, ತಂದೆಗಾಗಿ ವಾರಕ್ಕೆ ಅರ್ಧ ಇಲ್ಲೇ ಇರುತ್ತಾರಂತೆ. ಬಾಗಿಲಲ್ಲೇ ನಾವು ಮೂವರೂ ಸೊಂಟ ಬಗ್ಗಿಸಿದೆವು. ಜುನು ಕಲಿತ ವಾಕ್ಯವನ್ನು ಒಪ್ಪಿಸಿದಳು. ಮಸಾಯೊ ಸಾನ್ ಕೂಡ ಅಷ್ಟೇ ಬಗ್ಗಿ, "ಮಳೆಯಲ್ಲಿ ಇಷ್ಟು ದೂರ ಬಂದಿರಿ, ಒಳಗೆ ಬನ್ನಿ," ಎಂದರು. ನಾವು ಬೂಟು ಬಿಚ್ಚುವಾಗ ಅವರು ಬಾಗಿಲ ಪಕ್ಕದ ಕಪಾಟಿನ ಮೇಲಿದ್ದ ತಮ್ಮ ಕೈಚೀಲವನ್ನು, ಏನೂ ಆಗದವರ ಹಾಗೆ, ಎತ್ತಿಕೊಂಡು ಒಳಗೆ ಹೋದರು. ಜುನು ನೋಡಲಿಲ್ಲ. ನಾನು ನೋಡಿದೆ.

ಒಳಕೋಣೆಯಲ್ಲಿ ತಗ್ಗು ಮೇಜಿನ ಮುಂದೆ ಅಜ್ಜ ಕೂತಿದ್ದರು. ಸಣ್ಣಗೆ ಒಣಗಿದ ಮೈ, ದೊಡ್ಡ ಕಿವಿ.

"ಯಾರ ಬಂದಾರ? ಕಾರ್ಖಾನಿ ಹುಡುಗ್ಯಾರೇನು?" ಎಂದು ಕೂಗಿದರು. ಅವರದು ಈ ಊರಿನ ಪಕ್ಕಾ ಹಾಕಾತಾ ಮಾತು, ನಮ್ಮ ಪುಸ್ತಕದಲ್ಲಿಲ್ಲದ್ದು. "ಕುಂದ್ರಿ, ಕುಂದ್ರಿ. ಚಾ ಕೊಡ ಮಸಾಯೊ."

ಮಸಾಯೊ ಸಾನ್ ಚಹಾ ಇಟ್ಟು ನಮ್ಮೆದುರು ಕೂತರು. ದನಿ ಏರಿಸದೆ ಮಾತಾಡಿದರು. "ನೀವು ಕ್ಷಮೆ ಕೇಳಿದ್ದು ಒಳ್ಳೆಯದಾಯಿತು. ಆದರೆ ನನ್ನ ಕಷ್ಟವನ್ನೂ ಕೇಳಿ. ಅಪ್ಪನಿಗೆ ನೆನಪು ನಿಲ್ಲುವುದಿಲ್ಲ. ಹೋದ ವರ್ಷ ಚಾವಣಿ ಸೋರುತ್ತದೆ ಎಂದು ಇಬ್ಬರು ಬಂದು, ಸೋರದ ಚಾವಣಿ ಬಿಚ್ಚಿ, ಹಾಳು ಮಾಡಿ ಹೋದರು. ಚೆನ್ನಾಗಿ ಮಾತಾಡಿದರಂತೆ, ಒಳ್ಳೆಯ ಹುಡುಗರಂತೆ! ಫೆಬ್ರವರಿಯಲ್ಲಿ ಅಪ್ಪ ಬಿದ್ದು ಆಸ್ಪತ್ರೆ ಸೇರಿದರು. ಮನೆ ಸ್ವಚ್ಛ ಮಾಡಲು ಬಂದರೆ ಅಮ್ಮನ ಸೈಕಲ್ ಇಲ್ಲ. ಹೊರದೇಶದ ಹುಡುಗನೊಬ್ಬ ತಳ್ಳಿಕೊಂಡು ಹೋದ ಎಂದು ಪಕ್ಕದ ಮನೆಯವರು ಹೇಳಿದರು. ಅಪ್ಪನನ್ನು ಕೇಳಿದರೆ ಒಂದು ದಿನ ಕೊಟ್ಟೆ ಅನ್ನುತ್ತಾರೆ, ಒಂದು ದಿನ ಒಳಗೇ ಇದೆ ಅನ್ನುತ್ತಾರೆ. ನಾನು ಯಾವುದನ್ನು ನಂಬಲಿ?"

ಅದು ತೀರಿಕೊಂಡ ಅಮ್ಮನ ಸೈಕಲ್ ಎಂದು ತಿಳಿದು ಜುನು ಇನ್ನೂ ತಲೆ ತಗ್ಗಿಸಿದಳು.

ನಾವು ಏನಾದರೂ ಹೇಳುವ ಮುಂಚೆ ಅಜ್ಜ ಓದುವ ಕನ್ನಡಕ ತೆಗೆದು ಜುನುವಿನತ್ತ ಚಾಚಿದರು. "ಇದನ್ನೊಂದಿಷ್ಟು ನಾವೊಸು ಮಾಡವಾ."

ಜುನು ಎರಡೂ ಕೈಯಲ್ಲಿ ಕನ್ನಡಕ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ಒಂದು ಕಡ್ಡಿ ಮಡಚಿದಳು, ಬಿಚ್ಚಿದಳು. ಗಾಜನ್ನು ಬೆಳಕಿಗೆ ಹಿಡಿದಳು. ಎಲ್ಲೂ ಏನೂ ಕೆಟ್ಟಿರಲಿಲ್ಲ. ಕೊನೆಗೆ ಪುಸ್ತಕದ ಭಾಷೆಯಲ್ಲಿ ಅಂಜುತ್ತ ಕೇಳಿದಳು: "ಕ್ಷಮಿಸಿ, ಇದು ಎಲ್ಲಿ ಮುರಿದಿದೆ?"

ಅಜ್ಜ ಬಾಯ್ತುಂಬ ನಕ್ಕರು. "ಯಾಕ ಮುರೀತದ? ಗಟ್ಟಿ ಐತಿ!"

ಮಸಾಯೊ ಸಾನ್ ಮುಖದಲ್ಲೂ ನಗು ಸುಳಿಯಿತು. "ಡ್ರಾಯರಿನಲ್ಲಿ ಎತ್ತಿಡು ಅನ್ನುತ್ತಿದ್ದಾರೆ," ಎಂದು ಮೇಜಿನ ಕೆಳಗಿನ ಡ್ರಾಯರು ತೋರಿಸಿದರು.

ಜುನು ಕನ್ನಡಕ ಇಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ದಿದಿ, ದಾಯ್‌ಗೂ ಇದೇ ಮಾತು ಅಂದಿದ್ರು."

ನಾನು ಕುಗಾ ಸೆನ್ಸೈಯನ್ನು ಕೇಳಿದೆ. "ಸೆನ್ಸೈ, ನಾವೊಸು ಅಂದರೆ ರಿಪೇರಿ ಮಾಡುವುದು ಅಲ್ಲವೇ?"

"ಹೌದು, ರಿಪೇರಿ," ಎಂದವರು ತಟ್ಟನೆ ಮಾತು ನಿಲ್ಲಿಸಿದರು. ಕೈ ಬಾಯಿಗೆ ಹೋಯಿತು. "ಪುಸ್ತಕದಲ್ಲಿ ರಿಪೇರಿ. ನಮ್ಮ ಈ ಕಡೆ ಎತ್ತಿಡುವುದಕ್ಕೂ ಹಾಗೇ ಅನ್ನುತ್ತೇವೆ. ಮನೆಯಲ್ಲಿ ನಾನೂ ದಿನಾ ಅನ್ನುತ್ತೇನೆ. ತರಗತಿಯಲ್ಲಿ ಹೇಳಿಕೊಟ್ಟೇ ಇಲ್ಲ."

ಆಗ ನಾನು ಚೂಡಾ ಹೇಳಿದ್ದನ್ನೆಲ್ಲ ಹೇಳಿದೆ. ಹೆಸರನ್ನೂ ಹೇಳಿದೆ. ಜುನು ತಡೆಯಲಿಲ್ಲ. ಮಸಾಯೊ ಸಾನ್ ಕೇಳುತ್ತ ಕೇಳುತ್ತ ಲೋಟ ಕೆಳಗಿಟ್ಟರು. ತಂದೆಯ ಕಡೆ ವಾಲಿ, ಅವರದೇ ಮಾತಿನಲ್ಲಿ, "ಅಪ್ಪಾ, ಪೇಪರ್ ಹುಡುಗಗ ಸೈಕಲ್ ನಾವೊಸು ಮಾಡು ಅಂದಿದ್ರೇನು?" ಎಂದರು.

"ಅಂದಿದ್ದೆ. ಮಳಿ ಹೊಡ್ಯಾಕ ಹತ್ತಿತ್ತು. ನಿಮ್ಮವ್ವ ಬೈತಾಳ ತೊಯ್ದ್ರ. ಒಳಗಿಡಪ್ಪಾ ಅಂದ್ರ ತಳ್ಕೊಂಡು ಹೋದ ಅವ, ಬೀದಿಗುಂಟ! ಕೂಗಿದೆ, ಹೊಳ್ಳಿ ಕೈ ಬೀಸಿದ." ಅಜ್ಜ ಮತ್ತೆ ನಕ್ಕರು.

ನಾನು ಎದ್ದು, "ಅವನು ಹೊರಗೇ ನಿಂತಿದ್ದಾನೆ," ಎಂದೆ.

ಚೂಡಾ ಒಳಗೆ ಬಂದಾಗ ಮೊಣಕಾಲವರೆಗೂ ಒದ್ದೆಯಾಗಿದ್ದ. ಎರಡು ದಿನದಿಂದ ಈ ಬೀದಿಯಲ್ಲೇ ಸುತ್ತುತ್ತಿದ್ದನಂತೆ. ಮನೆಯಲ್ಲಿ ದೀಪ ಕಂಡಿದೆ, ಗಂಟೆ ಒತ್ತಲು ಧೈರ್ಯ ಬಂದಿಲ್ಲ. ಹಾಸ್ಟೆಲಿನ ಕುಹಕ ತಡೆಯಲಾರದೆ ಪತ್ರಿಕೆಯ ಏಜೆನ್ಸಿಯ ಅಟ್ಟದಲ್ಲಿ ಮಲಗುತ್ತಿದ್ದನಂತೆ. ಬೇಳೆ, ಮಸಾಲೆ ಅಲ್ಲಿಗೇ ಹೋಗಿದ್ದವು. ಇದೆಲ್ಲ ಅವನು ಹೇಳಿದ್ದು. ಮಸಾಯೊ ಸಾನ್ ಮುಂದೆ ಹಣೆ ಚಾಪೆಗೆ ತಾಗುವಂತೆ ಬಗ್ಗಿದ.

"ರಿಪೇರಿ ಎಂದೇ ತಿಳಿದಿರಿ, ಸರಿ," ಎಂದರು ಅವರು. "ವಾಪಸು ಯಾಕೆ ತರಲಿಲ್ಲ?"

"ಬಂದಿದ್ದೆ. ಬೀಗ ಹಾಕಿತ್ತು."

"ಪಕ್ಕದ ಮನೆಯಲ್ಲಿ ಕೇಳಬಹುದಿತ್ತು. ಏನು ಕೇಳಬೇಕು ಎಂದು ಗೊತ್ತಾಗಲಿಲ್ಲವೇ?"

"ಕೇಳಲು ಹೆದರಿಕೆಯಾಯಿತು. ಇವರ ಮನೆ ಸೈಕಲ್ ನಿನ್ನ ಹತ್ತಿರ ಹೇಗೆ ಅಂದುಬಿಟ್ಟರೆ ಎಂದು."

"ಇನ್ನೊಬ್ಬರಿಗೆ ಕೊಡಲು ಹೆದರಿಕೆಯಾಗಲಿಲ್ಲ."

ಚೂಡಾ ತಲೆ ಎತ್ತಲಿಲ್ಲ. "ತಪ್ಪಾಯಿತು," ಎಂದ.

ಮಸಾಯೊ ಸಾನ್ ನಿಟ್ಟುಸಿರಿಟ್ಟು ತಂದೆಯತ್ತ ನೋಡಿದರು. "ಅಪ್ಪಾ, ಇವನೇನು ಪೇಪರ್ ಹುಡುಗ?"

ಅಜ್ಜ ಬಹಳ ಹೊತ್ತು ಅವನನ್ನು ದಿಟ್ಟಿಸಿದರು. ಎರಡೂ ಕಣ್ಣು ಕಿರಿದು ಮಾಡಿ, ತಲೆ ವಾಲಿಸಿ.

"ಇವ ಅಲ್ಲ," ಎಂದರು. "ಅವ ದಪ್ಪ ಇದ್ದ. ನಗತಿದ್ದ."

ಚೂಡಾ ಅಜ್ಜನತ್ತ ಜರುಗಿದ. "ಅಜ್ಜಾ, ನಾನೇ. ಹೆಲ್ಮೆಟ್ಟು, ಚಳಿಗೆ ಮೂರು ಸ್ವೆಟರು ಹಾಕ್ಕೊಂಡಿರ್ತಿದ್ದೆ," ಎಂದು ತೊದಲಿದ. ಅಜ್ಜ ಆಗಲೇ ಬೇರೆಲ್ಲೋ ನೋಡುತ್ತಿದ್ದರು. "ಯಾವ ಸೈಕಲ್?" ಎಂದು ಮಗಳನ್ನು ಕೇಳಿದರು. "ಸೈಕಲ್ ಒಳಗೈತಲ್ಲ."

ಕುಗಾ ಸೆನ್ಸೈ ನನ್ನನ್ನು ನೋಡಿದರು. ನಾನು ಚೂಡಾನನ್ನು ನೋಡಿದೆ. ಅವನು ಅಳುವುದರಲ್ಲಿದ್ದ. ಅದು ಸಿಕ್ಕಿಬಿದ್ದವನ ಮುಖವೋ, ನಂಬಿಸಲಾಗದವನ ಮುಖವೋ, ಎಷ್ಟು ನೋಡಿದರೂ ನನಗೆ ಬೇರ್ಪಡಿಸಲಾಗಲಿಲ್ಲ.

ಮಸಾಯೊ ಸಾನ್ ಚೂಡಾನ ಕಡೆ ತಿರುಗಿ ಹೇಳಿದರು. "ಅಪ್ಪನ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ನಿಮ್ಮದನ್ನೂ ಪೂರ್ತಿ ನಂಬಿದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಆ ಮಾತು ಅಪ್ಪ ಆಡುವ ಮಾತೇ. ನೀವು ಕಟ್ಟಿ ಹೇಳುವಂಥದ್ದಲ್ಲ. ಪೊಲೀಸರಿಗೆ ತಪ್ಪು ತಿಳಿವಳಿಕೆ ಎಂದು ಹೇಳುತ್ತೇನೆ. ಸೈಕಲ್ ಮನೆಗೆ ಬಂದರೆ ಸಾಕು." ಆಮೇಲೆ ಸಿಹಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿದರು. ಇನ್ನೊಮ್ಮೆ ಬನ್ನಿ ಎನ್ನಲಿಲ್ಲ. ನಾವು ಗೇಟು ದಾಟುವಾಗ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು.

ದೂರು ಹಿಂದಕ್ಕೆ ಹೋಯಿತು. ಸೈಕಲ್ ಆ ಮನೆ ಸೇರಿತು. ವಾರ ಕಳೆದ ಮೇಲೆ ಪತ್ರಿಕೆಯ ಏಜೆನ್ಸಿ ಚೂಡಾನಿಗೆ ಬೇರೆ ಲೈನು ಕೊಟ್ಟಿತು. ಮಸಾಯೊ ಸಾನ್ ಹೇಳಿ ಮಾಡಿಸಿದ್ದು ಎಂದು ಹಾಸ್ಟೆಲಿನಲ್ಲಿ ಕೆಲವರೆಂದರು, ಇಲ್ಲ, ಅವನೇ ಕೇಳಿಕೊಂಡದ್ದು ಎಂದು ಇನ್ನು ಕೆಲವರು. ಕುಗಾ ಸೆನ್ಸೈ ತರಗತಿಗೆ ಹೊಸದೊಂದು ಗಂಟೆ ಸೇರಿಸಿದರು, ಊರಿನ ಮಾತು ಕಲಿಸಲು. ಅದಕ್ಕೆ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವನು ಚೂಡಾ, ತೂಕಡಿಸುತ್ತಲೂ ಇರಲಿಲ್ಲ. ಮೇಲ್ಗಡೆಯವರು ತಾಡಪಾಲು ಮಾತ್ರ ಬಹಳ ದಿನ ತೆಗೆಯಲಿಲ್ಲ.

ಮಳೆಗಾಲ ಮುಗಿದು ಸೆಕೆ ಏರಿದಾಗ ಒಂದು ಭಾನುವಾರ ಅಡುಗೆಮನೆಯಲ್ಲಿ ಅವನೂ ನಾನೂ ಇಬ್ಬರೇ ಸಿಕ್ಕಿದೆವು. ನನಗೆ ತಡೆಯಲಾಗಲಿಲ್ಲ.

"ಚೂಡಾ, ಒಂದು ಕೇಳ್ತೀನಿ. ನಿಜವಾಗ್ಲೂ ವಾಪಸ್ ಕೊಡೋಕೆ ಹೋಗಿದ್ಯಾ?"

ಅವನು ಅನ್ನ ಬಸಿಯುತ್ತಿದ್ದ. ಗಂಜಿಯ ಆವಿಯಲ್ಲಿ ಮುಖ ಸರಿಯಾಗಿ ಕಾಣಲಿಲ್ಲ.

"ಹೋಗಿದ್ದೆ ಅಂದ್ರೆ ನಂಬ್ತೀರಾ ದಿದಿ?"

ನಾನು ತಡವರಿಸಿದೆ.

"ಮತ್ಯಾಕೆ ಕೇಳ್ತೀರಿ?" ಎಂದ. ಸಿಟ್ಟಿನಿಂದಲ್ಲ. ತಟ್ಟೆ ತಗೊಂಡು ಹೊರಟುಹೋದ. ಅದಾದ ಮೇಲೂ ನನ್ನನ್ನು ದಿದಿ ಎಂದೇ ಕರೆಯುತ್ತಿದ್ದ, ನಗುತ್ತಿದ್ದ, ನೇಪಾಳಿ ಅಂಗಡಿಯಿಂದ ಬರುವಾಗ ನನಗೂ ಸಾಸಿವೆ ಎಣ್ಣೆ ತರುತ್ತಿದ್ದ. ಆದರೆ ಪೊಲೀಸ್ ಪರೀಕ್ಷೆಯ ಕುಚೋದ್ಯ ಮತ್ತೆ ಮಾಡಲಿಲ್ಲ.

ಮಾರ್ಚಿನಲ್ಲಿ ಅವನಿಗೆ ದೂರದ ಓಇತಾದ ಒಂದು ಮೋಟಾರ್ ಮೆಕ್ಯಾನಿಕ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹೊರಡುವ ದಿನ ಜುನು ಬಸ್ಸಿನವರೆಗೂ ಹೋಗಿ ಅವನ ಗಂಟುಮೂಟೆ ಹತ್ತಿಸಿ ಬಂದಳು. ವಾಪಸು ಬಂದಾಗ ಕಣ್ಣು ಕೆಂಪಾಗಿತ್ತು. ಅಷ್ಟರಲ್ಲಿ ಅವಳ ಜಪಾನಿ ಮಾತು ನನಗಿಂತ ಚೆನ್ನಾಗಿತ್ತು. ಅಂಗಡಿಯವರ ಜೊತೆ ಹಾಕಾತಾ ಮಾತಿನಲ್ಲೇ ತಮಾಷೆ ಮಾಡುತ್ತಿದ್ದಳು.

"ಈಗಲಾದ್ರೂ ಹೇಳು," ಎಂದೆ. "ನೀನು ಅವನನ್ನ ನಂಬ್ತೀಯಾ?"

ಅವಳು ಚಪ್ಪಲಿ ಬಿಚ್ಚಿ ಗೋಡೆಗೆ ಸೇರಿಸಿಟ್ಟಳು.

"ಸೈಕಲ್ ವಿಷಯಾನಾ? ಗೊತ್ತಿಲ್ಲ ದಿದಿ. ಒಂದಿನ ನಂಬ್ತೀನಿ, ಒಂದಿನ ಇಲ್ಲ. ಆದ್ರೆ ಈ ಊರಲ್ಲಿ ನನಗೆ ಏನಾದ್ರೂ ಆದ್ರೆ ಮೊದಲು ಫೋನ್ ಮಾಡ್ತಿದ್ದದ್ದು ಅವರಿಗೇ. ಈಗ ಅವರು ಓಇತಾದಲ್ಲಿರ್ತಾರೆ."

"ನಾನಿಲ್ವಾ?" ಎಂದೆ.

"ಇದ್ದೀರಿ ದಿದಿ," ಎಂದಳು ಅವಳು, ಬೇಗನೆ. ಆಮೇಲೆ ಕೆಲಸಕ್ಕೆ ಹೊತ್ತಾಯಿತೆಂದು ಒಣಹಾಕಿದ ಬಟ್ಟೆ ತರಲು ಹೊರಗೆ ಹೋದಳು.